ಧಾನ್ಯದ ಪೇಟೆಯೂ ಅವಿಭಕ್ತ ಕುಟುಂಬವೂ

ಸುಗ್ಗಿಯ ದಿನಗಳಲ್ಲಿ ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ತಾಸು ನಿಂತು ನೋಡಿದವರಿಗೆ ಈ ನಗರದ ನೆಲೆ ಎಂತಹದೆಂಬುದು ಭೂಪಟದ ಸಹಾಯವಿಲ್ಲದೆಯೇ ತಿಳಿಯುವುದು. ಪೂರ್ವದ ಸವದತ್ತಿ, ಬೈಲಹೊಂಗಲಗಳ ಕಡೆಯಿಂದ ಜೋಳವೂ ಕಡಲೆಯೂ ಬರುತ್ತವೆ. ದಕ್ಷಿಣದ ಖಾನಾಪುರದ ಕಡೆಯಿಂದ ಬತ್ತ, ಅಕ್ಕಿ ಬರುತ್ತವೆ. ಬಯಲುಸೀಮೆ ಮಲೆನಾಡುಗಳ ನಡುವೆ ಕುಳಿತಿರುವುದರಿಂದಲೇ ಈ ಊರಿಗೆ ಕಾಳುಕಡಿಯ ವ್ಯಾಪಾರ ಒಲಿದಿದೆ. ರೇಲ್ವೆ ಬರುವ ಮುನ್ನ ಇಲ್ಲಿಯ ಸರಕು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ವೆಂಗುರ್ಲೆಯ ಬಂದರಕ್ಕೆ ಹೋಗುತ್ತಿತ್ತು. ಹತ್ತೊಂಬತ್ತನೆಯ ಶತಕದ ಕೊನೆಯಲ್ಲಿ ಸದರ್ನ್ ಮರಾಠಾ ರೇಲ್ವೆಯು ಲೋಂಡಾ, ಖಾನಾಪುರಗಳ ಮೇಲಿಂದ ಹಾಯ್ದ ಬಳಿಕ ಆ ಬಂದರದ ಕಳೆ ಇಳಿಯಿತು. ಇಂದು ಗೋವೆಗೆ ಹೋಗುವ ಧಾನ್ಯ ಚೋರ್ಲಾ ಘಟ್ಟದ ಲಾರಿಗಳಲ್ಲಿ ಹೋಗುತ್ತದೆ. ದಾರಿಗಳು ಬದಲಾದವು, ಅಂಗಡಿಯ ಹಲಗೆಯ ಮೇಲಿನ ಮನೆತನದ ಹೆಸರು ಮಾತ್ರ ಅನೇಕ ಕಡೆಗಳಲ್ಲಿ ಬದಲಾಗದೆ ಉಳಿದಿದೆ.

ಈ ಹೆಸರೇ ಧಾನ್ಯದ ವ್ಯಾಪಾರಿಯ ಮುಖ್ಯ ಬಂಡವಾಳವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಅಜ್ಜನು ಚೀಲ ಇಳಿಸಿದ ಅಂಗಡಿಗೇ ಮೊಮ್ಮಗನೂ ಚೀಲ ತರುತ್ತಾನೆ. ಬಿತ್ತನೆಯ ಕಾಲಕ್ಕೆ ಅಲ್ಲಿಯೇ ಮುಂಗಡ ಎತ್ತುತ್ತಾನೆ, ಸುಗ್ಗಿಗೆ ಅಲ್ಲಿಯೇ ಮುಟ್ಟಿಸುತ್ತಾನೆ. ಈ ನಂಬಿಗೆಯ ನೆರಳಿನಲ್ಲಿ ತೂಕದ ಕಡಿತವೂ ಬಡ್ಡಿಯ ಬಿಗಿತವೂ ನಡೆದೇ ಇಲ್ಲವೆಂದು ನಾವು ಹೇಳಲಾರೆವು. ಅವುಗಳ ಸಲುವಾಗಿಯೇ ಮುಂಬಯಿ ಸರಕಾರದ 1939ರ ಮಾರುಕಟ್ಟೆಯ ಕಾಯದೆಯೂ, ಅನಂತರ ನಮ್ಮ ರಾಜ್ಯದ 1966ರ ಕಾಯದೆಯೂ ಬಂದವು.

ಆದರೆ ಇಂದಿನ ಪ್ರಶ್ನೆ ತೂಕದ್ದಲ್ಲ. ಕಾಳು ಕೊಂಡು ಮಾರುವ ಮನೆತನವು ಕಾಳನ್ನು ಸಂಸ್ಕರಿಸುವ ಮನೆತನವಾಗಬಲ್ಲುದೆ ಎಂಬುದು ಪ್ರಶ್ನೆ. ನೂರು ಕಿಲೋ ಬತ್ತಕ್ಕೆ ಅರವತ್ತೇಳು ಕಿಲೋ ಬೆಳ್ತಿಗೆ ಅಕ್ಕಿ ಎಂಬುದು ಸರಕಾರವು ಗಿರಣಿಗಳಿಗೆ ಕಟ್ಟಿಕೊಟ್ಟ ಲೆಕ್ಕ. ಮಿಕ್ಕುದರಲ್ಲಿ ಹೊಟ್ಟು ಒಲೆಗೆ ಉರುವಲಾಗುತ್ತದೆ. ತೌಡಿನಿಂದ ಎಣ್ಣೆ ಬರುತ್ತದೆ, ಆದರೆ ತೌಡು ಬೇಗನೆ ಕಮಟುವುದರಿಂದ ಎಣ್ಣೆಯ ಕಾರಖಾನೆ ಹತ್ತಿರವಿರಬೇಕು. ಅದೇ ಬತ್ತವನ್ನು ನೆನೆಯಿಸಿ, ಹುರಿದು, ಚಪ್ಪಟೆ ಮಾಡಿದರೆ ಅವಲಕ್ಕಿ. ಕುದಿಸಿ ಒಣಗಿಸಿ ತೆಗೆದ ಅಕ್ಕಿಗೆ ಉಪ್ಪು ನೀರು ಕೊಟ್ಟು ಕಾದ ಉಸುಕಿನಲ್ಲಿ ಹುರಿದರೆ ಚುರಮುರಿ. ಖಾನಾಪುರದ ಬತ್ತವು ಬತ್ತವಾಗಿಯೇ ತಾಲೂಕಿನಿಂದ ಹೊರಟು ಹೋದರೆ ಹೊಟ್ಟು, ತೌಡು, ಅವಲಕ್ಕಿ, ಕೂಲಿ, ಎಲ್ಲವೂ ಅದರ ಬೆನ್ನ ಹಿಂದೆ ಹೋಗುತ್ತವೆ. ಮಳೆ ಸುರಿದದ್ದು ಕಣಕುಂಬಿಯ ಕಾಡಿನ ಮೇಲೆ, ಕೂಲಿ ದೊರೆತದ್ದು ಬೇರೆ ಜಿಲ್ಲೆಯವರಿಗೆ!

ಹಾಗಾದರೆ ಗಿರಣಿ ಹಾಕುವುದಕ್ಕೆ ತಡೆಯೇನು? ರೊಕ್ಕವೆಂದು ಎಲ್ಲರೂ ಹೇಳುತ್ತಾರೆ. ಗಿರಣಿಯವನು ಕೊಯಿಲಿನ ಎರಡು ಮೂರು ತಿಂಗಳಲ್ಲಿ ವರ್ಷಕ್ಕಾಗುವಷ್ಟು ಬತ್ತವನ್ನು ಕೊಂಡಿಡಬೇಕು. ಅಂಗಡಿಯ ಗಲ್ಲಾ ಅದಕ್ಕೆ ಸಾಲದು, ಬ್ಯಾಂಕಿನ ಬಾಗಿಲಿಗೆ ಹೋಗಬೇಕು. ನಿಜವಾದ ತೊಡಕು ಆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಯಾರ ಆಸ್ತಿ? ಸಾಲಕ್ಕೆ ಯಾರು ಹೊಣೆ?

ನಮ್ಮ ಅವಿಭಕ್ತ ಕುಟುಂಬದ ಧರ್ಮವು ಮಿತಾಕ್ಷರಾ ಗ್ರಂಥದ ಮೇಲೆ ನಿಂತಿದೆ. ಅದನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ನಮ್ಮ ನಾಡಿನವನೇ. ಆ ಧರ್ಮದ ಪ್ರಕಾರ ಪಿತ್ರಾರ್ಜಿತ ವ್ಯಾಪಾರಕ್ಕಾಗಿ ಯಜಮಾನನು ಮಾಡಿದ ಸಾಲವು ಕುಟುಂಬದ ಆಸ್ತಿಯನ್ನೆಲ್ಲ ಕಟ್ಟುತ್ತದೆ; ರವಿವಾರ ಪೇಟೆಯಲ್ಲಿ ದರ ಬಿದ್ದರೆ ಖಾನಾಪುರದ ಹೊಲಕ್ಕೂ ಆಪತ್ತು. ಹೊಸ ಉದ್ಯಮದ ಮಾತು ಬೇರೆ. ಯಜಮಾನನು, ಆತನು ತಂದೆಯೇ ಆಗಿದ್ದರೂ, ಅಪ್ರಾಪ್ತ ವಯಸ್ಕರ ಪಾಲಿನ ಮೇಲೆ ಹೊಸ ವ್ಯಾಪಾರದ ಹೊಣೆಯನ್ನು ಹೇರಲಾರನೆಂದು 1932ರಲ್ಲಿ ಬನಾರಸ ಬ್ಯಾಂಕಿನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ತೀರ್ಮಾನಿಸಿತು. ಕಾಳು ಮಾರುತ್ತಿದ್ದವನು ಗಿರಣಿ ಹೂಡಿದರೆ ಅದು ಹಳೆಯದರ ಬೆಳವಣಿಗೆಯೋ, ಹೊಸತೋ? ವಕೀಲರು ಎರಡನ್ನೂ ವಾದಿಸಬಲ್ಲರು. ಬ್ಯಾಂಕಿನವರು ಮನೆಯವರೆಲ್ಲರ ರುಜು ಕೇಳಿದಾಗ ಸಿಟ್ಟಾಗುವ ಸಾಹುಕಾರರು ಈ ಮಾತನ್ನು ನೆನೆಯಬೇಕು.

ಎಲ್ಲರ ರುಜು ಎಂದರೆ ಹೆಣ್ಣುಮಕ್ಕಳ ರುಜುವೂ ಹೌದು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅಲ್ಲಿಯವರೆಗೆ ಮದುವೆಯಾಗದಿದ್ದ ಮಗಳಿಗೆ ಮಗನಂತೆಯೇ ಪಾಲು ಕೊಟ್ಟಿತು. 2005ರ ಕೇಂದ್ರ ಕಾಯದೆಯು ಮದುವೆಯ ಈ ಕಟ್ಟನ್ನೂ ಬಿಡಿಸಿತು. ಆ ದಿನ ತಂದೆಯು ಬದುಕಿರಲಿ, ಇಲ್ಲದಿರಲಿ ಹಕ್ಕು ಹುಟ್ಟಿನಿಂದಲೇ ಬಂದುದೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ಹಬ್ಬಕ್ಕೆ ತವರಿಗೆ ಬಂದ ಮಗಳ ಮುಂದೆ ಸೀರೆಯ ಜೊತೆಗೆ ಹಕ್ಕುಬಿಡುಗಡೆಯ ಪತ್ರವನ್ನೂ ಇಡುವ ರೂಢಿ ಇನ್ನೂ ತಪ್ಪಿಲ್ಲ. ನಮಗಿದು ಅನ್ಯಾಯವೆಂದು ತೋರುವುದಷ್ಟೇ ಅಲ್ಲ, ವ್ಯಾಪಾರದ ದೃಷ್ಟಿಯಿಂದಲೂ ಅವಿವೇಕವೆಂದು ತೋರುತ್ತದೆ. ಒನಕೆಯ ಕಾಲದಲ್ಲಿ ಅವಲಕ್ಕಿ ಕುಟ್ಟಿದವರು ಹೆಂಗಸರು. ಇಂದು ಆಹಾರವಿಜ್ಞಾನವನ್ನೋ ಲೆಕ್ಕಶಾಸ್ತ್ರವನ್ನೋ ಓದಿದ ಮಗಳು ಮನೆಯಲ್ಲಿದ್ದರೆ, ಅವಳನ್ನು ರುಜುವಿಗೆ ಮಾತ್ರ ಕರೆದು ಗಾದಿಗೆ ಸೋದರಳಿಯನನ್ನು ಹುಡುಕುವುದು ಯಾವ ಜಾಣತನ?

ಲೆಕ್ಕವೂ ಈಗ ಮೊದಲಿನಂತಿಲ್ಲ. ಗಿರಣಿಯ ಅಕ್ಕಿಯಲ್ಲಿ ಒಂದು ಪಾಲನ್ನು ನಿಗದಿಯ ದರಕ್ಕೆ ಸರಕಾರಕ್ಕೆ ಕೊಡಬೇಕಾಗಿದ್ದ ಲೆವಿಯು 2015ರಲ್ಲಿ ತೀರಿತು; 2022ರ ಜುಲೈ 18ರಿಂದ ಹೆಸರಚೀಟಿ ಹಚ್ಚಿದ 25 ಕಿಲೋದೊಳಗಿನ ಅಕ್ಕಿ, ಹಿಟ್ಟುಗಳ ಚೀಲಗಳಿಗೂ, ಕಟ್ಟಿ ಮಾರುವ ಅವಲಕ್ಕಿ ಚುರಮುರಿಗಳಿಗೂ ಶೇಕಡಾ 5ರ ತೆರಿಗೆ ಬಂದಿತು. ಸಣ್ಣ ಆಹಾರ ಉದ್ಯಮಗಳಿಗೆ ಯಂತ್ರದ ಬೆಲೆಯಲ್ಲಿ ಶೇಕಡಾ 35ರಷ್ಟು, ಹತ್ತು ಲಕ್ಷ ರೂಪಾಯಿ ಮೀರದಂತೆ, ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿತು. ಇಂತಹ ಯಾವ ಕಚೇರಿಯಲ್ಲಿಯೂ ಮನೆಯ ಕಿರಾಣಿ, ಮಗನ ಮದುವೆ, ಗಿರಣಿಯ ವಿದ್ಯುತ್ತು ಎಲ್ಲವೂ ಒಂದೇ ಕೀರ್ದಿಯಲ್ಲಿ ಬೆರೆತ ಲೆಕ್ಕ ನಡೆಯದು.

ಹೊಲವನ್ನಾದರೆ ಬದುವು ಹಾಕಿ ಅಣ್ಣತಮ್ಮಂದಿರು ಹಂಚಿಕೊಳ್ಳಬಹುದು. ಗಿರಣಿಯನ್ನು ಹಾಗೆ ಹಂಚಲಾಗದು. ಹಂಚಲು ಬಾರದ ಆಸ್ತಿಯನ್ನು ಮಾರಿಸಿ ಹಣ ಹಂಚಲು 1893ರ ವಿಭಜನೆಯ ಕಾಯದೆಯು ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಹರಾಜಿನಲ್ಲಿ ಯಂತ್ರಕ್ಕೆ ಬೆಲೆ ಬಂದೀತು, ಮನೆತನದ ಹೆಸರಿಗೆ ಬಾರದು. ಮುಂಗಡಕ್ಕಾಗಿ ಕಾದಿದ್ದ ರೈತನಿಗೆ ಬೇರೆ ಬಾಗಿಲು. ಆದುದರಿಂದ ಗಿರಣಿಯನ್ನು ಕುಟುಂಬದ ಆಸ್ತಿಯಲ್ಲಿ ತೂಗಿಬಿಡದೆ, 1932ರ ಪಾಲುದಾರಿಕೆಯ ಕಾಯದೆಯಂತೆಯೋ, 2008ರ ಸೀಮಿತ ಹೊಣೆಯ ಪಾಲುದಾರಿಕೆಯ ಕಾಯದೆಯಂತೆಯೋ ಬೇರೆ ಪತ್ರ ಮಾಡಿ, ಹೊರಹೋಗುವವನ ಪಾಲಿಗೆ ಬೆಲೆ ಕಟ್ಟುವ ರೀತಿಯನ್ನು ಅದರಲ್ಲಿಯೇ ಬರೆದಿಡುವುದು ಮೇಲು. ಒಗ್ಗಟ್ಟಿದ್ದಾಗ ಇದನ್ನು ಬರೆಯಲು ಅರ್ಧ ದಿನ ಸಾಕು. ಜಗಳ ಹುಟ್ಟಿದ ಮೇಲೆ ಇಪ್ಪತ್ತು ವರ್ಷವೂ ಸಾಲದು.

ಖಾನಾಪುರದ ಬತ್ತದ ಕೊಯಿಲೂ ದೀಪಾವಳಿಯ ವಹಿಪೂಜೆಯೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಆಗ ಹೆಣ್ಣುಮಕ್ಕಳೂ ತವರಿನಲ್ಲಿರುತ್ತಾರೆ. ಪಾಲುದಾರರ ಹೆಸರುಗಳನ್ನು ಬರೆಯಲು ಹೊಸ ವಹಿಯ ಮೊದಲನೆಯ ಪುಟ ಖಾಲಿಯಿರುತ್ತದೆ.