ನ್ಯಾಯಾಧೀಶರ ಆಯ್ಕೆಯ ಖರ್ಚು ಯಾರ ಲೆಕ್ಕಕ್ಕೆ?

ಅಮೆರಿಕದ ಸುಪ್ರೀಂ ಕೋರ್ಟ್‌ಗೆ ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬರುತ್ತದೆ. ಆದರೆ ವಿಚ್ಛೇದನ, ಬಾಡಿಗೆ ತಕರಾರು, ಕಳ್ಳತನ, ಕೊಲೆ ಎಂದು ಅಲ್ಲಿನ ಜನ ಏರುವುದು ಹೆಚ್ಚಾಗಿ ರಾಜ್ಯಗಳ ಕೋರ್ಟುಗಳ ಮೆಟ್ಟಿಲು. ಆ ಕೋರ್ಟುಗಳ ನ್ಯಾಯಾಧೀಶರು ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ಹಂತದಲ್ಲಿ ಮತದಾರರ ಮುಂದೆ ನಿಲ್ಲಬೇಕು. ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಸರಿಯೋ ತಪ್ಪೋ ಎಂಬ ವಾದ ಕೇಳಿ ಬೆಳೆದ ಕನ್ನಡಿಗರು ಅಲ್ಲಿನ ಪೌರತ್ವ ಪಡೆದು ಮೊದಲ ಸಲ ಓಟು ಹಾಕಲು ಹೋದಾಗ ಮತಪತ್ರದಲ್ಲಿ ಜಡ್ಜ್‌ಗಳ ಹೆಸರು ಕಂಡು ಅಚ್ಚರಿಪಡುವುದು ಸಹಜ.

ಈ ಆಯ್ಕೆಯ ಪದ್ಧತಿಯನ್ನು ರಾಜ್ಯಗಳು ಆಗಾಗ ಬದಲಿಸುತ್ತಲೇ ಬಂದಿವೆ. 1832ರಲ್ಲಿ ಮಿಸಿಸಿಪ್ಪಿ ತನ್ನ ಎಲ್ಲ ನ್ಯಾಯಾಧೀಶರನ್ನೂ ಚುನಾವಣೆಯಿಂದಲೇ ಆರಿಸಲು ಹೊರಟಿತು. 1940ರಲ್ಲಿ ಮಿಸ್ಸೌರಿ ಮೇಲ್ಮಟ್ಟದ ಕೋರ್ಟುಗಳಿಗೆ ನೇರ ಸ್ಪರ್ಧೆಯನ್ನು ಕೈಬಿಟ್ಟು, ಹೆಸರು ಸೂಚಿಸುವ ಆಯೋಗದ ದಾರಿ ಹಿಡಿಯಿತು. ಬದಲಾವಣೆಯ ಮಾತು ಬಂದಾಗಲೆಲ್ಲ ಖರ್ಚಿನ ಪ್ರಶ್ನೆಯೂ ಏಳುತ್ತದೆ. ಅದಕ್ಕೆ ಸಿಗುವ ಸಿದ್ಧ ಉತ್ತರಗಳಲ್ಲಿ ಅರೆಸತ್ಯವೇ ಹೆಚ್ಚು.

"ಚುನಾವಣೆ ಹೇಗೂ ನಡೆಯುತ್ತದೆ, ಮತಪತ್ರದಲ್ಲಿ ನಾಲ್ಕು ಹೆಸರು ಹೆಚ್ಚಾದರೆ ಸರ್ಕಾರಕ್ಕೇನು ಹೊರೆ?" ಎಂಬುದು ಮೊದಲ ನಂಬಿಕೆ. ಮುದ್ರಣದ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಪದ್ಧತಿಯ ಬೆಲೆ ಅಚ್ಚಿನ ಖರ್ಚಿಗೆ ಮುಗಿಯುವುದಿಲ್ಲ. ಪೆನ್ಸಿಲ್ವೇನಿಯದಲ್ಲಿ ವಿಚಾರಣಾ ನ್ಯಾಯಾಧೀಶರು ಹತ್ತು ವರ್ಷಕ್ಕೊಮ್ಮೆ "ಇವರು ಮುಂದುವರಿಯಲೇ?" ಎಂಬ ಪ್ರಶ್ನೆಗೆ ಜನರ ಉತ್ತರ ಕೇಳಬೇಕು. ಎದುರಾಳಿ ಇರುವುದಿಲ್ಲ, ಬರೀ ಹೌದು ಅಥವಾ ಇಲ್ಲ. ಗ್ರೆಗರಿ ಹ್ಯೂಬರ್ ಮತ್ತು ಸ್ಯಾನ್‌ಫರ್ಡ್ ಗಾರ್ಡನ್ ಎಂಬ ರಾಜ್ಯಶಾಸ್ತ್ರಜ್ಞರು ಆ ರಾಜ್ಯದಲ್ಲಿ 1990ರ ದಶಕದಲ್ಲಿ ವಿಧಿಸಿದ 22,000ಕ್ಕೂ ಹೆಚ್ಚು ಶಿಕ್ಷೆಗಳನ್ನು ಪರಿಶೀಲಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಮತದಾನ ಹತ್ತಿರವಾದಂತೆ ಅದೇ ಬಗೆಯ ಅಪರಾಧಕ್ಕೆ ಶಿಕ್ಷೆಯ ಅವಧಿ ಉದ್ದವಾಗುತ್ತಿತ್ತು. ಆ ಪ್ರಕರಣಗಳಲ್ಲಿ ಚುನಾವಣೆಯ ನೆರಳಿನಿಂದಲೇ ಹೆಚ್ಚಾದ ಸೆರೆವಾಸ ಒಟ್ಟು 1,800ರಿಂದ 2,700 ವರ್ಷ ಎಂದು ಅವರು ಅಂದಾಜಿಸಿದರು.

ಅಷ್ಟೂ ವರ್ಷ ಕೈದಿಗಳ ಊಟ, ಔಷಧಿ, ಕಾವಲಿಗೆ ದುಡ್ಡು ಕೊಡುವುದು ರಾಜ್ಯದ ಬೊಕ್ಕಸವೇ. ಆ ಖರ್ಚು ಚುನಾವಣೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಕೆಲವು ವರ್ಷ ಕಳೆದು ಜೈಲು ಇಲಾಖೆಯ ಬಜೆಟ್‌ನಲ್ಲಿ ಸೇರಿಕೊಳ್ಳುತ್ತದೆ. ಅತಿಯಾದ ಶಿಕ್ಷೆ ಅನುಭವಿಸಿದವನು ಕಳೆದುಕೊಂಡ ವರ್ಷಗಳಿಗಂತೂ ಯಾವ ಇಲಾಖೆಯಲ್ಲೂ ಲೆಕ್ಕವಿಲ್ಲ.

ಇಡೀ ದೇಶವೇ ಒಮ್ಮೆಲೇ ಪದ್ಧತಿ ಬದಲಿಸಿದರೆ ಮುದ್ರಣದ ಖರ್ಚೂ ಅಗ್ಗವಲ್ಲ ಎಂಬುದಕ್ಕೆ ನೆರೆಯ ಮೆಕ್ಸಿಕೊ ಸಾಕ್ಷಿ. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರನ್ನು ಜನರೇ ಆರಿಸುವಂತೆ ಸಂವಿಧಾನ ತಿದ್ದುಪಡಿಯಾಯಿತು. 2025ರ ಜೂನ್ 1ರಂದು 881 ಕೇಂದ್ರ ಹುದ್ದೆಗಳಿಗೆ ಮತದಾನ ನಡೆಯಿತು, ಅದೇ ದಿನ 19 ರಾಜ್ಯಗಳು ತಮ್ಮ ನ್ಯಾಯಾಧೀಶರನ್ನೂ ಆರಿಸಿದವು. ಚುನಾವಣಾ ಸಂಸ್ಥೆ ಸುಮಾರು 1,300 ಕೋಟಿ ಪೆಸೊ ಕೇಳಿತ್ತು, ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ. ಮತಗಟ್ಟೆಗಳನ್ನು ಹಿಂದಿನ ವರ್ಷದ ಅರ್ಧದಷ್ಟಕ್ಕೆ ಇಳಿಸಬೇಕಾಯಿತು. ಸುಪ್ರೀಂ ಕೋರ್ಟ್‌ನ ನೇರಳೆ ಬಣ್ಣದ ಮತಪತ್ರವನ್ನೇ ನೋಡಿ: ಹೆಸರಿನ ಮುಂದೆ ಗುರುತು ಒತ್ತುವ ಹಾಗಿಲ್ಲ. ಉದ್ದನೆಯ ಪಟ್ಟಿಯಲ್ಲಿ ಅಭ್ಯರ್ಥಿಯ ಸಂಖ್ಯೆ ಹುಡುಕಿ, ಐವರು ಮಹಿಳೆಯರಿಗೆ ಐದು, ನಾಲ್ವರು ಪುರುಷರಿಗೆ ನಾಲ್ಕು ಚೌಕಗಳಲ್ಲಿ ಅದನ್ನು ಕೈಯಾರೆ ಬರೆಯಬೇಕು. ಹಾಗೆ ಬರೆದದ್ದನ್ನು ಎಣಿಸಿ ಮುಗಿಸಲು ಮತಗಟ್ಟೆಯಲ್ಲಿ ಸಾಧ್ಯವಿರಲಿಲ್ಲ, ಜಿಲ್ಲಾ ಕಚೇರಿಗಳಿಗೆ ಸಾಗಿಸಿ ದಿನಗಟ್ಟಲೆ ಎಣಿಸಿದರು. ಓಟು ಹಾಕಿದವರು ನೂರಕ್ಕೆ ಸುಮಾರು 13 ಜನ.

ಎರಡನೆಯ ನಂಬಿಕೆ ಪ್ರಚಾರದ ಹಣದ ಕುರಿತದ್ದು. "ಅದು ಖಾಸಗಿಯವರ ದುಡ್ಡು, ಎಷ್ಟಾದರೂ ಸುರಿಯಲಿ, ತೆರಿಗೆ ಕಟ್ಟುವವನಿಗೇನು ನಷ್ಟ?" ವೆಸ್ಟ್ ವರ್ಜೀನಿಯದ ಪ್ರಕರಣ ಇದಕ್ಕೆ ಉತ್ತರ. ಮ್ಯಾಸಿ ಎಂಬ ದೊಡ್ಡ ಕಲ್ಲಿದ್ದಲು ಕಂಪನಿ ಹ್ಯೂ ಕ್ಯಾಪರ್ಟನ್ ಎಂಬ ಸಣ್ಣ ಗಣಿ ಮಾಲೀಕನಿಗೆ 5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2002ರಲ್ಲಿ ಜ್ಯೂರಿ ಹೇಳಿತು. ಮೇಲ್ಮನವಿ ರಾಜ್ಯದ ಉನ್ನತ ನ್ಯಾಯಾಲಯಕ್ಕೆ ಬರುವ ಮೊದಲೇ, 2004ರಲ್ಲಿ, ಅದೇ ನ್ಯಾಯಾಲಯದ ಒಂದು ಸ್ಥಾನಕ್ಕೆ ಚುನಾವಣೆ. ಕಂಪನಿಯ ಮುಖ್ಯಸ್ಥ ಡಾನ್ ಬ್ಲ್ಯಾಂಕನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದು ಬ್ರೆಂಟ್ ಬೆಂಜಮಿನ್ ಅವರನ್ನು ಬೆಂಬಲಿಸಿದರು. ಬೆಂಜಮಿನ್ ಗೆದ್ದರು, ಪ್ರಕರಣದಿಂದ ಹಿಂದೆ ಸರಿಯಲು ಒಪ್ಪಲಿಲ್ಲ. ಕಂಪನಿ 3-2ರಿಂದ ಗೆದ್ದಿತು.

ಮುಂದಿನ ಕಥೆಯನ್ನು ತೆರಿಗೆದಾರರ ಕಣ್ಣಿನಿಂದ ನೋಡಬೇಕು. 2007ರ ತೀರ್ಪಿನ ನಂತರ ಮರುವಿಚಾರಣೆ, 2008ರಲ್ಲಿ ಮತ್ತೆ 3-2. ಅಲ್ಲಿಂದ ವಾಷಿಂಗ್ಟನ್‌ಗೆ. 2009ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ, ಬೆಂಜಮಿನ್ ಹಿಂದೆ ಸರಿಯಲೇಬೇಕಿತ್ತು ಎಂದಿತು. ಪ್ರಕರಣ ಹಿಂತಿರುಗಿ ಮೂರನೇ ಸಲ ರಾಜ್ಯದ ನ್ಯಾಯಾಲಯದ ಮುಂದೆ ಬಂತು. ಆಗಲೂ ಗೆದ್ದದ್ದು ಕಂಪನಿಯೇ. ಒಂದೇ ವ್ಯಾಜ್ಯಕ್ಕೆ ಸಾರ್ವಜನಿಕ ಹಣದಿಂದ ನಡೆಯುವ ನ್ಯಾಯಪೀಠಗಳು ಇಷ್ಟು ಸಲ ಕೂತವು. ವೆಸ್ಟ್ ವರ್ಜೀನಿಯ 2015ರಲ್ಲಿ ಕಾನೂನು ಬದಲಿಸಿ ನ್ಯಾಯಾಧೀಶರ ಚುನಾವಣೆಯಿಂದ ಪಕ್ಷದ ಗುರುತನ್ನು ತೆಗೆಯಿತು.

ಪ್ರಚಾರಕ್ಕೆ ಸರ್ಕಾರವೇ ಹಣ ಕೊಟ್ಟರೆ ಅದು ದುಂದು ಎನ್ನುವವರೂ ಇದ್ದಾರೆ, ಅದರಿಂದ ಎಲ್ಲವೂ ಶುದ್ಧವಾಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ಅತಿ. ನಾರ್ತ್ ಕ್ಯಾರೊಲಿನ 2002ರಲ್ಲಿ ಇಂಥ ನಿಧಿ ಸ್ಥಾಪಿಸಿತು. ತೆರಿಗೆ ಪತ್ರದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ 3 ಡಾಲರ್ ಅದಕ್ಕೆ ಹೋಗುತ್ತಿತ್ತು, ವಕೀಲರು ವರ್ಷಕ್ಕೆ 50 ಡಾಲರ್ ಕಟ್ಟುತ್ತಿದ್ದರು. 2013ರಲ್ಲಿ ಶಾಸಕಾಂಗ ಅದನ್ನು ರದ್ದುಮಾಡಿತು, ಬಳಿಕ ಪಕ್ಷದ ಗುರುತೂ ಮತಪತ್ರಕ್ಕೆ ವಾಪಸಾಯಿತು. ನಿಧಿ ಹೋದರೂ ಸಾರ್ವಜನಿಕ ಖರ್ಚು ತಪ್ಪಲಿಲ್ಲ: 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ಥಾನವೊಂದನ್ನು ಆಲಿಸನ್ ರಿಗ್ಸ್ 734 ಮತಗಳಿಂದ ಗೆದ್ದರು. ಎರಡು ಮರುಎಣಿಕೆ ಆದರೂ ಎದುರಾಳಿ 65,000ಕ್ಕೂ ಹೆಚ್ಚು ಮತಗಳನ್ನು ಪ್ರಶ್ನಿಸಿದ್ದರಿಂದ ವ್ಯಾಜ್ಯ ಮುಗಿಯಲು 2025ರ ಮೇ ಬಂತು. ಇನ್ನು ಸರ್ಕಾರಿ ಹಣ ಶುದ್ಧಿಯ ಖಾತರಿಯೂ ಅಲ್ಲ. 2012ರಲ್ಲಿ ತಮ್ಮ ರಾಜ್ಯದ ಇಂಥದೇ ಹಣದಿಂದ ಸ್ಪರ್ಧಿಸಿ ವೆಸ್ಟ್ ವರ್ಜೀನಿಯದ ನ್ಯಾಯಮೂರ್ತಿಯಾದ ಆಲನ್ ಲಾಫ್ರಿ ಅವರ ಕಚೇರಿಗೆ 32,000 ಡಾಲರ್‌ನ ಸೋಫಾ ಬಂದದ್ದು ದೊಡ್ಡ ಸುದ್ದಿಯಾಯಿತು. ಮುಂದೆ ವಂಚನೆಯ ಆರೋಪಗಳಲ್ಲಿ ಅವರು ಜೈಲಿಗೂ ಹೋದರು.

"ಆಯೋಗ ಎಂದರೆ ಇನ್ನೊಂದು ದುಬಾರಿ ಇಲಾಖೆ" ಎಂಬ ಮಾತನ್ನು ಬೇಗ ಬಗೆಹರಿಸಬಹುದು. ಮಿಸ್ಸೌರಿಯ ಮೇಲ್ಮಟ್ಟದ ಕೋರ್ಟುಗಳಿಗೆ ಹೆಸರು ಸೂಚಿಸುವ ಆಯೋಗದಲ್ಲಿ ಇರುವುದು ಏಳು ಜನ. ಪ್ರಯಾಣದಂಥ ಖರ್ಚು ಬಿಟ್ಟರೆ ಅವರಿಗೆ ಸಂಬಳವಿಲ್ಲ. ಮೂರು ಹೆಸರು ಕಳಿಸುತ್ತಾರೆ, ಗವರ್ನರ್ ಒಂದನ್ನು ಆರಿಸುತ್ತಾರೆ.

ಕಾನ್ಸಾಸ್ ಇದೇ ದಾರಿಗೆ ಬಂದದ್ದು ಒಂದು ಹಗರಣದಿಂದ. ಗವರ್ನರ್ ಫ್ರೆಡ್ ಹಾಲ್ 1956ರಲ್ಲಿ ತಮ್ಮ ಪಕ್ಷದ ಟಿಕೆಟ್ ಕಳೆದುಕೊಂಡರು. ಅವಧಿ ಮುಗಿಯಲು ಕೆಲವೇ ದಿನವಿದ್ದಾಗ ಮುಖ್ಯ ನ್ಯಾಯಮೂರ್ತಿ ರಾಜೀನಾಮೆ ಕೊಟ್ಟರು, ಹಾಲ್ ಕೂಡ ಕೊಟ್ಟರು. ಉಪಗವರ್ನರ್ 11 ದಿನದ ಗವರ್ನರ್ ಆಗಿ ಹಾಲ್ ಅವರನ್ನು ರಾಜ್ಯದ ಸುಪ್ರೀಂ ಕೋರ್ಟ್‌ಗೆ ನೇಮಿಸಿದರು. ರೊಚ್ಚಿಗೆದ್ದ ಜನ 1958ರಲ್ಲಿ ಆಯೋಗಕ್ಕೆ ಮತ ಹಾಕಿದರು. ಆ ಆಯೋಗವನ್ನು ತೆಗೆದು ಏಳೂ ಸ್ಥಾನಗಳಿಗೆ ನೇರ ಚುನಾವಣೆ ತರುವ ಪ್ರಸ್ತಾವವನ್ನು 2026ರ ಆಗಸ್ಟ್‌ನಲ್ಲಿ ಜನಮತಕ್ಕೆ ಹಾಕಲು ಅಲ್ಲಿನ ಶಾಸಕಾಂಗ 2025ರ ಮಾರ್ಚ್‌ನಲ್ಲಿ ತೀರ್ಮಾನಿಸಿತು. ಮರುತಿಂಗಳು ವಿಸ್ಕಾನ್ಸಿನ್‌ನಲ್ಲಿ ಸುಪ್ರೀಂ ಕೋರ್ಟ್‌ನ ಒಂದೇ ಒಂದು ಸ್ಥಾನದ ಚುನಾವಣೆಗೆ ಹರಿದ ಹಣ ಸುಮಾರು 10 ಕೋಟಿ ಡಾಲರ್.