ಮೀನಿನ ತೊಟ್ಟಿಯ ಫಾಸ್ಫೇಟ್, ಅಪ್ಪಯ್ಯನ ತೋಟದ ಡಿಎಪಿ

ಸಾಗರದಲ್ಲಿರುವ ಭಾವನಿಗೆ ಸಮುದ್ರದ ಮೀನು ಸಾಕುವ ಹುಚ್ಚು. ಮುರ್ಡೇಶ್ವರದ ಹತ್ತಿರದ ನೇತ್ರಾಣಿಗೆ ಸ್ಕೂಬಾ ಮಾಡಲು ಹೋಗಿ ಬಂದಾಗಿನಿಂದ ಹಿಡಿದದ್ದು. ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನು, ಒಂದಿಷ್ಟು ಕಲ್ಲು. ಹವಳ ಮಾತ್ರ ಇಲ್ಲ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮಾರಾಟ ಅಪರಾಧ. ಆನ್‌ಲೈನ್‌ನಲ್ಲಿ ಯಾರಾದರೂ ಆಸೆ ತೋರಿಸಿದರೆ ದೂರವಿರಿ.

ಹೋದ ರಜೆಯಲ್ಲಿ ನೋಡಿದರೆ ಕಲ್ಲಿನ ಮೇಲೆಲ್ಲ ಕೂದಲಿನಂತೆ ಹಸಿರು ಪಾಚಿ. ಟೆಸ್ಟ್ ಕಿಟ್ ತರಿಸಿದೆವು. ಫಾಸ್ಫೇಟ್ ಲೀಟರಿಗೆ 0.5 ಮಿಲಿಗ್ರಾಂ! ಇಂಥ ತೊಟ್ಟಿಯಲ್ಲಿ ಸಾಮಾನ್ಯವಾಗಿ 0.1ರ ಒಳಗಿರಲಿ ಅನ್ನುತ್ತಾರೆ. ಪೂರ್ತಿ ಸೊನ್ನೆಯಾದರೂ ಕಷ್ಟವೇ, ಯಾವ ಜೀವಿಗೂ ರಂಜಕ ಬೇಕು.

ಅದು ಬರುವುದು ಮುಖ್ಯವಾಗಿ ಮೀನಿನ ಆಹಾರದಿಂದ. ನೈಟ್ರೇಟ್ ಆದರೆ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅನಿಲವಾಗಿ ಹೋದೀತು. ಫಾಸ್ಫೇಟ್ ಹಾಗಲ್ಲ, ನಾವೇ ಹೊರಗೆ ತೆಗೆಯಬೇಕು. ಆಹಾರ ಕಡಿಮೆ ಮಾಡಿ, ಪಾಚಿ ಕಿತ್ತು, ವಾರವಾರ ಸ್ವಲ್ಪ ನೀರು ಬದಲಿಸಿದೆವು. ತೋಟದ ಬಾವಿ ನೀರು ಬೇಡ ಎಂದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿರುತ್ತದೆ, ಸಿಗಡಿ, ಹವಳದಂಥವಕ್ಕೆ ಅದು ವಿಷ. ಆರ್‌ಒ ನೀರಿಗೆ ಸಮುದ್ರದ ಉಪ್ಪು ಬೆರೆಸುವುದೇ ಕ್ಷೇಮ.

ಭಾವ ಇನ್ನೊಂದು ಡಬ್ಬಿ ತರಿಸಿದರು: ಫೆರಿಕ್ ಆಕ್ಸೈಡ್ ಹರಳು. ಕಬ್ಬಿಣದ ಈ ಆಕ್ಸೈಡಿನ ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಕೈಯಲ್ಲಿ ಹಿಡಿದರೆ ಹೊಸನಗರದ ನಮ್ಮ ಮನೆ ಹಿಂದಿನ ಜಂಬಿಟ್ಟಿಗೆ ಕಲ್ಲಿನ ಪುಡಿಯೇ! ಆ ಕಲ್ಲಿನ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಊರಿಗೆ ಬಂದವನೇ ಎರಡು ಗ್ಲಾಸಿನಲ್ಲಿ ತೀರಾ ತೆಳುವಾಗಿ ಡಿಎಪಿ ಕರಗಿಸಿ, ಒಂದಕ್ಕೆ ಜಂಬಿಟ್ಟಿಗೆ ಪುಡಿ ಹಾಕಿದೆ. ಮರುದಿನ ಸೋಸಿ ಕಿಟ್ ಹಾಕಿದರೆ ಆ ಗ್ಲಾಸಿನ ನೀಲಿ ಬಣ್ಣ ಮಸುಕು. (ತೊಟ್ಟಿಗೆ ಹಾಕಲು ಹೋಗಬೇಡಿ, ನೀರು ರಾಡಿಯಾಗುತ್ತದೆ. ಬೇರೆ ಲೋಹಗಳೂ ಇರಬಹುದು.)

ಆಮೇಲೆ ಹೊಳೆದದ್ದು ತೋಟದ ಲೆಕ್ಕ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಳಿ ಕೆಂಪು ಮಣ್ಣೂ ಇದನ್ನೇ ಮಾಡುತ್ತದೆ. 1,350 ರೂಪಾಯಿಯ ಡಿಎಪಿ ಚೀಲದ ರಂಜಕದಲ್ಲಿ ದೊಡ್ಡ ಪಾಲನ್ನು ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ದಕ್ಕುವುದು ಸ್ವಲ್ಪ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ನಮ್ಮಲ್ಲಿ ಮಾತ್ರ ಕೈಯಳತೆಯೇ ಲೆಕ್ಕ. ಹುಳಿ ಮಣ್ಣಿನಲ್ಲಿ ನಿಧಾನ ಕರಗುವ ಶಿಲಾರಂಜಕ ಅಗ್ಗ, ಸುಣ್ಣ ಹಾಕಿ ಹುಳಿ ತಗ್ಗಿಸಿದರೆ ಹಿಡಿತವೂ ಸಡಿಲ.

“ಮೀನು ಸಾಕೋ ವಿದ್ಯೆ ತೋಟಕ್ಕೆ ಯಾಕೆ ಮಾರಾಯ?” ಎಂದರು ಅಪ್ಪಯ್ಯ. ಎರಡೂ ಗ್ಲಾಸು ಮುಂದಿಟ್ಟೆ. ತುಂಬ ಹೊತ್ತು ನೋಡಿದರು. ಡಿಎಪಿ ನಿಲ್ಲಿಸಲು ಒಪ್ಪಿಲ್ಲ, ಆದರೆ ಗೊಬ್ಬರ ತರುವ ಮೊದಲು ಮಣ್ಣು ಪರೀಕ್ಷೆಗೆ ಕೊಡೋಣ ಎಂದಿದ್ದಾರೆ. ಸ್ಯಾಂಪಲ್ ತೆಗೆಯುವ ಕೆಲಸ ನನ್ನದು.