ಬೇರು ಕುಲಾಂತರಿ ಆದ್ರೆ ಹಣ್ಣು?

ವಿಜಯಪುರ ಕಡೆಯ ದ್ರಾಕ್ಷಿ ತೋಟ ನೋಡಿದ್ದೀರಾ? ಮೇಲೆ ತೂಗೋದು ಥಾಮ್ಸನ್ ಸೀಡ್‌ಲೆಸ್ ಗೊಂಚಲು. ಮಣ್ಣಿನೊಳಗಿನ ಬೇರು ಮಾತ್ರ ಬಹಳಷ್ಟು ತೋಟಗಳಲ್ಲಿ ಡಾಗ್‌ರಿಡ್ಜ್ ಅನ್ನೋ ಬೇರೆ ತಳಿಯದ್ದು. ಬರ ಮತ್ತು ಸವಳು ಎರಡನ್ನೂ ತಡೆದುಕೊಳ್ಳುತ್ತೆ ಅಂತ ರೈತರು ಅದರ ಮೇಲೆ ಕಸಿ ಕಟ್ಟುತ್ತಾರೆ. ಹಣ್ಣು ತಿನ್ನೋ ನಾವು ಬೇರಿನ ಹೆಸರು ಕೇಳಲ್ಲ.

ಆ ಬೇರೇ ಕುಲಾಂತರಿಯಾಗಿದ್ದರೆ? ಕೆಳಗೆ ಲ್ಯಾಬ್‌ನಲ್ಲಿ ಹೊಸ ಜೀನ್ ಸೇರಿಸಿದ ಬೇರು, ಮೇಲೆ ಮಾಮೂಲಿ ಗಿಡದ ಕುಡಿ. ಆಗ ಹಣ್ಣನ್ನು ಏನಂತ ಕರೆಯೋದು?

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಪೈಪ್‌ಲೈನ್ ಲೆಕ್ಕದಲ್ಲೇ ಹೇಳ್ತೀನಿ. ಕಸಿ ಅಂದ್ರೆ ಎರಡು ಗಿಡಗಳ ಪೈಪು ಜೋಡಿಸಿದ ಹಾಗೆ. ಬೇರಿನಿಂದ ನೀರು, ಲವಣ ಮೇಲಕ್ಕೆ. ಎಲೆಯಿಂದ ಸಕ್ಕರೆ ಕೆಳಕ್ಕೆ. ಹಣ್ಣಿನ ಡಿಎನ್‌ಎ ಮಾತ್ರ ಕುಡಿಯದ್ದೇ. ಕಸಿಯ ಗಂಟಿನಲ್ಲಿ ಡಿಎನ್‌ಎ ವಿನಿಮಯ ಆಗಬಹುದು ಅಂತ 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ತಂಬಾಕು ಗಿಡದಲ್ಲಿ ತೋರಿಸಿದರು. ಆದರೆ ಅದು ಗಂಟಿನ ಆಸುಪಾಸಿಗಷ್ಟೇ ಸೀಮಿತವಾಗಿತ್ತು.

ಅಲ್ಲಿಗೆ ಮುಗೀತಾ? ಇಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು ದ್ರಾಕ್ಷಿಗೆ ಪೇರ್ ಹಣ್ಣಿನ ಜೀನ್ ಸೇರಿಸಿದರು. ಅದು ತಯಾರಿಸಿದ ಪ್ರೋಟೀನ್ ಕಸಿಯ ಗಂಟು ದಾಟಿ ಮೇಲಿನ ಮಾಮೂಲಿ ಬಳ್ಳಿಗೆ ಬರುತ್ತೆ ಅಂತ 2005ರಲ್ಲಿ ವರದಿ ಮಾಡಿದರು. 2014ರಲ್ಲಿ ಅಮೆರಿಕದ ಮಿಚಿಗನ್‌ನಿಂದ ಚೆರಿ ಗಿಡದ ವರದಿ ಬಂತು: ಕುಲಾಂತರಿ ಬೇರಿನ ಸಣ್ಣ ಆರ್‌ಎನ್‌ಎ ಮೇಲೇರಿ ಕುಡಿಗೆ ವೈರಸ್ ತಡೆಯುವ ಶಕ್ತಿ ಕೊಟ್ಟಿತ್ತು. ರೈತನಿಗೆ ಲಾಭ ಇರೋದು ಇಲ್ಲೇ. ತಿನ್ನುವವರ ಪ್ರಶ್ನೆ ಹುಟ್ಟೋದೂ ಇಲ್ಲೇ.

ಹಾಗಂತ ಗಾಬರಿ ಬೇಡ. ಆರ್‌ಎನ್‌ಎ ನಾವು ದಿನಾ ತಿನ್ನೋ ಸೊಪ್ಪು, ತರಕಾರಿ ಎಲ್ಲದರಲ್ಲೂ ಇದೆ. ಹೊಟ್ಟೆಯಲ್ಲಿ ಬಹುಪಾಲು ಒಡೆದುಹೋಗುತ್ತೆ. ಪೇರ್ ಪ್ರೋಟೀನನ್ನು ಜನ ಪೇರ್ ಹಣ್ಣಿನ ಜೊತೆಗೇ ತಿಂತಾ ಬಂದಿದ್ದಾರೆ. ಎಲ್ಲ ಪ್ರೋಟೀನಿಗೂ ಇದೇ ಮಾತು ಹೇಳೋಕಾಗಲ್ಲ, ಕೆಲವು ಅಲರ್ಜಿ ತರುತ್ತವೆ. ಆದ್ದರಿಂದ ಪ್ರತಿ ಬೇರಿಗೂ ಮೂರು ಪ್ರಶ್ನೆ ಕೇಳಬೇಕು. ಸೇರಿಸಿದ್ದು ಯಾವ ಜೀನ್? ಅದು ತಯಾರಿಸೋದು ಏನನ್ನ? ಅದರಲ್ಲಿ ಹಣ್ಣಿನವರೆಗೆ ಬರೋದು ಎಷ್ಟು?

ಇಲ್ಲೊಂದು ತೊಡಕಿದೆ. ಕುಲಾಂತರಿ ಆಹಾರ ಪತ್ತೆಗೆ ಸಾಮಾನ್ಯವಾಗಿ ಹುಡುಕೋದು ಹೊಸ ಡಿಎನ್‌ಎಯನ್ನ. ಈ ಹಣ್ಣಿನಲ್ಲಿ ಅದು ಇರೋದೇ ಇಲ್ಲ. ಅಂದ್ರೆ ಮಾರುಕಟ್ಟೆಯಲ್ಲಿ ಹಣ್ಣು ಕೊಯ್ದು ಟೆಸ್ಟ್ ಮಾಡಿದ್ರೆ ಕಳ್ಳ ಸಿಗಲ್ಲ. ತಪಾಸಣೆ ನರ್ಸರಿಯಲ್ಲೇ ಆಗಬೇಕು, ದಾಖಲೆ ಅಲ್ಲಿಂದಲೇ ಶುರುವಾಗಬೇಕು.

ಕಾನೂನು ಏನನ್ನುತ್ತೆ? ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಸೆಕ್ಷನ್, ಕುಲಾಂತರಿ ಅಂಶ ಒಳಗಿರುವ ಆಹಾರವನ್ನಷ್ಟೇ ಹೇಳಲ್ಲ. ಕುಲಾಂತರಿ ಜೀವಿಯಿಂದ ತಯಾರಾಗಿಯೂ ಅದನ್ನು ಒಳಗೊಂಡಿರದ ಆಹಾರವನ್ನೂ ಸೇರಿಸುತ್ತೆ. ಕಸಿಯ ಹಣ್ಣು ಈ ಎರಡನೇ ಸಾಲಿಗೆ ಬರುತ್ತೆ ಅನ್ನೋದು ನನ್ನ ವಾದ. ಬರಲ್ಲ ಅನ್ನೋರೂ ಇರ್ತಾರೆ. ಅದನ್ನು ಸರ್ಕಾರ ಬರಹದಲ್ಲಿ ಸ್ಪಷ್ಟಪಡಿಸಬೇಕು.

ಇವತ್ತು ನಮ್ಮ ದೇಶದಲ್ಲಿ ವಾಣಿಜ್ಯ ಬೇಸಾಯದ ಒಪ್ಪಿಗೆಯೊಂದಿಗೆ ಹೊಲದಲ್ಲಿರೋ ಕುಲಾಂತರಿ ಬೆಳೆ ಬಿಟಿ ಹತ್ತಿ. ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವ ತಂತ್ರ ಈಗಾಗಲೇ ಇದೆ. ನಾಳೆ ಯಾರೋ ಆ ಬೇರನ್ನೇ ಕುಲಾಂತರಿ ಮಾಡಿದ್ರೆ, ಟೊಮೆಟೊ ಬುಟ್ಟಿಗೆ ಯಾವ ಚೀಟಿ ಅಂಟಿಸ್ತೀರಿ? ಉತ್ತರ ಬುಟ್ಟಿ ಬರೋ ಮೊದಲೇ ಬೇಕು.